ಉಣ್ಣೆಯ ಕೋಟು

ನನ್ನ ಮಗಳು ಉನ್ನತ ವ್ಯಾಸಂಗಕ್ಕೆಂದು ಎಡಿನ್‌ಬರೊ ನಗರಕ್ಕೆ ಹೊರಡುವುದು ನಿಶ್ಚಯವಾದ ವರ್ಷವೂ, ನಾನು ಭೂಗೋಳದ ಉಪಾಧ್ಯಾಯ ವೃತ್ತಿಯಿಂದ ನಿವೃತ್ತನಾದ ವರ್ಷವೂ ಒಂದೇ ಆದುದರಿಂದ, 33 ವರ್ಷಗಳ ಕಾಲ ಗೋಡೆಯ ಭೂಪಟದ ಮೇಲೆ ಬೆತ್ತದ ತುದಿಯಿಂದ ತೋರಿಸುತ್ತ ಬಂದಿದ್ದ 56ನೆಯ ಉತ್ತರ ಅಕ್ಷಾಂಶವು ಆ ವರ್ಷದ ವೈಶಾಖದಲ್ಲಿ ನಮ್ಮ ನಡುಮನೆಯೊಳಕ್ಕೇ ಬಂದು ಕುಳಿತಂತಾಯಿತು. ನಮ್ಮ ಮೈಸೂರು 12ನೆಯ ಅಕ್ಷಾಂಶದ ಊರು. ಇಲ್ಲಿ ಮಾರ್ಗಶಿರದ ಮುಂಜಾವಿನಲ್ಲಿ ಒಂದು ಶಾಲು ಹೊದ್ದುಕೊಂಡರೆ ಚಳಿಯ ಲೆಕ್ಕ ತೀರಿತು. ಅಲ್ಲಿಯಾದರೋ ಜನವರಿಯ ಸರಾಸರಿ ಉಷ್ಣತೆ 4 ಡಿಗ್ರಿ ಸೆಲ್ಸಿಯಸ್ಸಿನ ಆಸುಪಾಸು. ಚಳಿಗಾಲ ಕಳೆದ ಮೇಲೆಯೂ ಉತ್ತರ ಸಮುದ್ರದಿಂದ ಏರಿ ಬಂದು ಬೀದಿಗಳನ್ನು ತುಂಬುವ, ಅಲ್ಲಿಯವರು ‘ಹಾರ್’ ಎಂದು ಕರೆಯುವ ಒದ್ದೆ ಮಂಜು ಬೇರೆ. ಒಣ ಚಳಿಯನ್ನು ತಡೆಯುವುದು ಒಂದು, ಒದ್ದೆಯ ಚಳಿಯನ್ನು ತಡೆಯುವುದು ಇನ್ನೊಂದು. ಈ ಎರಡನೆಯದಕ್ಕೆ ಕುರಿಯ ಮೈಯಲ್ಲಿ ಪ್ರಕೃತಿಯು ಬೆಳೆಯಿಸಿದ ಉಪಾಯಕ್ಕಿಂತ ಮೇಲಾದುದನ್ನು ಮನುಷ್ಯನು ಕಂಡುಕೊಂಡಿಲ್ಲವೆಂದೇ ನನ್ನ ನಂಬಿಕೆ. ಉಣ್ಣೆಯು ತನ್ನ ತೂಕದಲ್ಲಿ ಶೇಕಡ 30ರಷ್ಟು ತೇವವನ್ನು ಎಳೆಯೊಳಗೆ ಹೀರಿಕೊಂಡರೂ ಮೈಗೆ ಒದ್ದೆಯೆಂದು ತೋರದು. ಹೀರುವಾಗ ಸ್ವಲ್ಪ ಶಾಖವನ್ನು ಬಿಟ್ಟುಕೊಡುವುದೂ ಉಂಟು.

ಸಿದ್ಧ ಉಡುಪಿನ ಅಂಗಡಿಗಳನ್ನು ನಾವು ನೋಡದೆ ಇರಲಿಲ್ಲ. ಬೆಂಗಳೂರಿನಲ್ಲಿ ಎರಡು ದಿನ ತಿರುಗಿ ಹನ್ನೆರಡು ಹದಿಮೂರು ಕೋಟುಗಳನ್ನು ತೊಡಿಸಿ ನೋಡಿದೆವು. ಸೊಂಟಕ್ಕೆ ಸರಿಯಾದುದು ಭುಜಕ್ಕೆ ಬಿಗಿ. ಭುಜಕ್ಕೆ ಸರಿಯಾದುದು ಬೆನ್ನಿನಲ್ಲಿ ಗೋಣಿಚೀಲದಂತೆ ಜೋಲುವುದು. ಸಡಿಲವಾದ ಕೋಟು ಎಷ್ಟೇ ದಪ್ಪನಾಗಿರಲಿ, ನಡೆಯುವಾಗ ಅದರೊಳಗಿನ ಬೆಚ್ಚನೆಯ ಗಾಳಿ ಕೊರಳ ಬಳಿಯಿಂದ ಹೊರಟುಹೋಗಿ ಕೆಳಗಿನ ಅಂಚಿನಿಂದ ತಣ್ಣನೆಯ ಗಾಳಿ ನುಗ್ಗುವುದು. ಆದುದರಿಂದ ಮೈಗೆ ಒಪ್ಪಿ ಕುಳಿತಿರುವುದೆಂಬುದು ಕೋಟಿನ ವಿಷಯದಲ್ಲಿ ಬರಿಯ ಅಂದದ ಮಾತಲ್ಲ, ಅದು ಬೆಚ್ಚಗಿರುವುದರ ಮೊದಲ ನಿಬಂಧನೆ. ಊರಿಗೆ ಹಿಂದಿರುಗಿದ ರಾತ್ರಿ ಊಟಕ್ಕೆ ಕುಳಿತಿದ್ದಾಗ, “ನಾನೇ ಹೊಲಿಯುತ್ತೇನೆ,” ಎಂದೆ. ಮಗಳು, “ಆಗಲಪ್ಪ, ಹಾಗಾದರೆ ಕೊರಳು ಮುಚ್ಚುವ ಹಾಗೆ ಹೊಲಿ, ತಾತನ ಕೋಟಿನ ಹಾಗೆ,” ಎಂದಳು. ನನ್ನ ಪತ್ನಿ ಏನನ್ನೂ ಹೇಳಲಿಲ್ಲ. ಆದರೆ ಮರುದಿನ ಬೆಳಗ್ಗೆ ನೋಡುವಾಗ, ಮದುವೆಯಲ್ಲಿ ಆಕೆಯ ತವರಿನವರು ಕೊಟ್ಟಿದ್ದ ಉಷಾ ಹೊಲಿಗೆಯಂತ್ರಕ್ಕೆ ಎಣ್ಣೆ ಬಿದ್ದಿತ್ತು. ಅದರ ತೊಗಲಿನ ಪಟ್ಟಿಯನ್ನು ಬಿಗಿಮಾಡಿ ಆಗಿತ್ತು.

ನನ್ನ ಈ ಧೈರ್ಯಕ್ಕೆ ಒಂದು ಪೂರ್ವಕಥೆಯುಂಟು. ನಾನು ಬಾಲಕನಾಗಿದ್ದಾಗ ನಮ್ಮ ಬೀದಿಯ ತಿರುವಿನಲ್ಲಿ ಒಬ್ಬ ಮುಸಲ್ಮಾನ ದರ್ಜಿಗಳ ಅಂಗಡಿಯಿತ್ತು. ಅವರನ್ನು ಎಲ್ಲರೂ ಸಾಹೇಬರೆಂದೇ ಕರೆಯುತ್ತಿದ್ದರು. ಬೇಸಗೆಯ ರಜೆಗಳಲ್ಲಿ ನಾನು ಆ ಅಂಗಡಿಯ ಜಗಲಿಯಲ್ಲಿ ಕುಳಿತು ಗುಂಡಿ ಹಾಕುವುದನ್ನೂ ಕಾಜ ಕಟ್ಟುವುದನ್ನೂ ಕಲಿತೆ. ಅದು ಮೈಸೂರಿನಲ್ಲಿ ಕೋಟಿನ ಕಾಲ. ವಕೀಲರು, ಅಮಲ್ದಾರರು, ಉಪಾಧ್ಯಾಯರು ಎಲ್ಲರೂ ಕಚ್ಚೆಪಂಚೆಯ ಮೇಲೆ ಕೊರಳು ಮುಚ್ಚಿದ ಉದ್ದನೆಯ ಕೋಟನ್ನು ತೊಟ್ಟು ತಲೆಗೆ ಪೇಟವನ್ನು ಕಟ್ಟಿಯೇ ಹೊರಗೆ ಹೊರಡುತ್ತಿದ್ದರು, ಮಾಸ್ತಿಯವರ, ಡಿ.ವಿ.ಜಿ.ಯವರ ಭಾವಚಿತ್ರಗಳನ್ನು ನೋಡಿದವರಿಗೆ ಆ ವೇಷದ ಗಾಂಭೀರ್ಯವನ್ನು ನಾನು ವರ್ಣಿಸಬೇಕಾದುದಿಲ್ಲ. ದರ್ಬಾರಿನ ಕರಿಯ ಕೋಟಂತೂ ಬೇರೆಯೇ ಒಂದು ಪ್ರಪಂಚ. ನನ್ನ ತಂದೆಯವರಿಗೆ ಇದ್ದದ್ದು ಒಂದೇ ಉಣ್ಣೆಯ ಕೋಟು. ಅದನ್ನು ಹೊಲಿದವರು ಈ ಸಾಹೇಬರು. ಆ ಕೋಟು ನುಸಿಗುಳಿಗೆಗಳ ನಡುವೆ ನಮ್ಮ ಟ್ರಂಕಿನ ತಳದಲ್ಲಿ ಇನ್ನೂ ಇತ್ತು. ಗುಳಿಗೆಗಳನ್ನೂ ಮೀರಿ ನುಸಿಯು ಒಂದು ಮೊಣಕೈಯನ್ನು ತಿಂದಿತ್ತು. ಸಾಹೇಬರೂ ಇದ್ದರು. ಎಂಬತ್ತು ದಾಟಿತ್ತು, ಕಣ್ಣು ಮಂದ, ಕೈ ಮಾತ್ರ ಮಂದವಾಗಿರಲಿಲ್ಲ.

ಅವರ ಅಪ್ಪಣೆಯ ಮೇರೆಗೆ ಮೊದಲು ಮಾಡಿದ ಕೆಲಸವೆಂದರೆ ನನ್ನ ತಂದೆಯವರ ಕೋಟನ್ನು ಬಿಚ್ಚಿದುದು. “ಕೋಟು ಕಲಿಯಬೇಕಾದರೆ ಅಸ್ತರು ಬಿಚ್ಚಿ ನೋಡಬೇಕು ಮೇಷ್ಟ್ರೇ, ಮೇಲೆ ಏನೂ ಕಾಣೋದಿಲ್ಲ,” ಎಂದರು. ಬ್ಲೇಡಿನಿಂದ ಒಂದೊಂದೇ ಹೊಲಿಗೆಯನ್ನು ಕತ್ತರಿಸಿ, ನುಣುಪಾದ ಕರಿಯ ಅಸ್ತರನ್ನು ಹಾವಿನ ಪೊರೆಯಂತೆ ಬೇರ್ಪಡಿಸಿದಾಗ, ಬಾಲ್ಯದಿಂದ ನೋಡಿದ್ದ ವಸ್ತುವಿನೊಳಗೆ ನಾನು ಎಂದೂ ನೋಡದ ಇನ್ನೊಂದು ಕೋಟು ಕಾಣಿಸಿತು. ಎದೆಯ ಭಾಗದಲ್ಲಿ ಕುದುರೆಯ ಕೂದಲು ಬೆರೆಸಿ ನೆಯ್ದ ಗಡುಸಾದ ಬಟ್ಟೆ. ಅದನ್ನು ಮೇಲಿನ ಉಣ್ಣೆಗೆ ಬಂಧಿಸಿದ್ದ ಸಾವಿರಾರು ಓರೆ ಹೊಲಿಗೆಗಳು, ಒಂದೊಂದೂ ಜೀರಿಗೆಯಷ್ಟು, ಒಂದೂ ಮೇಲಕ್ಕೆ ತೋರದಂತೆ ಉಣ್ಣೆಯ ಅರ್ಧ ದಪ್ಪವನ್ನು ಮಾತ್ರ ಹಿಡಿದವು. ಭುಜದ ಕೆಳಗೆ ಹತ್ತಿಯ ಪದರಗಳು. ಎಡಗಡೆ ಎರಡು ಪದರ, ಬಲಗಡೆ ಮೂರು. ಏಕೆಂದು ಕೇಳಿದೆ. “ನಿಮ್ಮ ತಂದೆಯವರ ಬಲಭುಜ ಸ್ವಲ್ಪ ಇಳಿದಿತ್ತು,” ಎಂದರು ಸಾಹೇಬರು. ತಂದೆಯವರೊಡನೆ ನಾನು ಬಾಳಿದುದು 29 ವರ್ಷ. ಅವರ ಒಂದು ಭುಜ ಇಳಿದಿತ್ತೆಂಬುದು ನನಗೆ ಗೊತ್ತಾದುದು ಅವರು ಕಾಲವಾಗಿ ಎಷ್ಟೋ ವರ್ಷಗಳ ಅನಂತರ, ಒಂದು ಪದರ ಹತ್ತಿಯಿಂದ.

ಅದೇ ಸಂಜೆ ಮಗಳ ಅಳತೆ ತೆಗೆದೆವು. ಪತ್ನಿ ಪಟ್ಟಿ ಹಿಡಿದಳು, ನಾನು ಬರೆದುಕೊಂಡೆ. ಎದೆ, ಸೊಂಟ, ಬೆನ್ನಿನ ಅಗಲ, ಕತ್ತಿನ ಬುಡದಿಂದ ಸೊಂಟದವರೆಗಿನ ಬೆನ್ನಿನ ಉದ್ದ, ತೋಳನ್ನು ಸ್ವಲ್ಪ ಮಡಿಸಿಕೊಂಡು ಭುಜದ ತುದಿಯಿಂದ ಮೊಣಕೈಗೆ, ಮೊಣಕೈಯಿಂದ ಮಣಿಕಟ್ಟಿಗೆ. ಕೊನೆಯಲ್ಲಿ ಸೊಂಟಕ್ಕೆ ದಾರ ಕಟ್ಟಿ, ಅದರಿಂದ ಎರಡೂ ಭುಜಗಳ ಎತ್ತರವನ್ನು ಬೇರೆ ಬೇರೆಯಾಗಿ ಅಳೆಯಬೇಕೆಂದು ಸಾಹೇಬರು ಹೇಳಿದ್ದರು. ಬಲಗಡೆಯದು ಎಡಗಡೆಗಿಂತ ಅರ್ಧ ಅಂಗುಲ ಕಡಮೆ ಬಂದಿತು. ಪತ್ನಿ ಮತ್ತೊಮ್ಮೆ ಅಳೆದಳು. ಅರ್ಧ ಅಂಗುಲವೇ. ಬಲಗೈಯನ್ನು ಹೆಚ್ಚಾಗಿ ಬಳಸುವವರಲ್ಲಿ ಇದು ಸಾಧಾರಣವೆಂದೂ, ತಾವು ಅಳೆದ ಮೈಗಳಲ್ಲಿ ಎರಡೂ ಪಕ್ಕ ಸರಿಸಮನಾದವು ಅಪರೂಪವೆಂದೂ ಸಾಹೇಬರು ಆಮೇಲೆ ತಿಳಿಸಿದರು. ಆದಕಾರಣ ನಾನು ಇದರಲ್ಲಿ ವಂಶಪಾರಂಪರ್ಯದ ಅದ್ಭುತವನ್ನು ಆರೋಪಿಸಲಾರೆ. ಆದರೆ ಅಂಗಡಿಯಲ್ಲಿ ನೇತಾಡುವ ಕೋಟು ಯಾವ ದೇಹವನ್ನು ಮನಸ್ಸಿನಲ್ಲಿಟ್ಟುಕೊಂಡು ಹೊಲಿದುದೋ ಅಂಥ ಸಮಭುಜದ ದೇಹವು ಲೋಕದಲ್ಲಿ ಬಹುಶಃ ಎಲ್ಲಿಯೂ ಇಲ್ಲವೆಂಬುದು ಅಂದು ನನಗೆ ಸ್ಪಷ್ಟವಾಯಿತು. ಮನೆಯಲ್ಲಿ ಹೊಲಿಯುವುದರ ನಿಜವಾದ ಕಾರಣವೂ ಇದೇ ಆಗಿ ತೋರಿತು. ಹಣ ಉಳಿಯುವುದೆಂಬುದು ಕಾರಣವಲ್ಲ. ಹಣ ಉಳಿಯುವುದೂ ಇಲ್ಲ.

ಬಟ್ಟೆಯನ್ನು ಬೆಂಗಳೂರಿನ ಚಿಕ್ಕಪೇಟೆಯಲ್ಲಿ ಕೊಂಡೆವು: 58 ಅಂಗುಲ ಅಗಲದ, ಬೂದಿ ಮಿಶ್ರವಾದ ಕಡು ನೀಲಿಯ ಉಣ್ಣೆ, 3 ಮೀಟರು. ಅಂಚಿನಿಂದ ಒಂದು ಎಳೆ ಕಿತ್ತು ಬೆಂಕಿಕಡ್ಡಿಯ ಜ್ವಾಲೆಗೆ ಹಿಡಿಯುವುದಕ್ಕೆ ಅಂಗಡಿಯವರ ಅನುಮತಿ ಕೇಳಿದೆ, ಅವರು ಸಂತೋಷದಿಂದ ಒಪ್ಪಿದರು. ನಿಜವಾದ ಉಣ್ಣೆಯಾದರೆ ಸುಟ್ಟ ಕೂದಲಿನ ವಾಸನೆ ಬಂದು, ಜ್ವಾಲೆ ತೆಗೆದೊಡನೆ ತಾನಾಗಿ ಆರಿ, ಬೆರಳಲ್ಲಿ ಪುಡಿಯಾಗುವ ಬೂದಿಯನ್ನು ಉಳಿಸುವುದು. ಕೃತಕ ನೂಲಾದರೆ ಕರಗಿ ಗಟ್ಟಿಯಾದ ಮಣಿಯಾಗುವುದು. ಪುಡಿಯಾಯಿತು. ಮನೆಗೆ ತಂದ ದಿನವೇ ಸಾಹೇಬರು ಕತ್ತರಿಯನ್ನು ಮುಟ್ಟಬಾರದೆಂದು ತಡೆದರು. “ಮೊದಲು ನೀರು ಕುಡಿಸಿ ಮೇಷ್ಟ್ರೇ. ಕುಡಿಯೋ ಆಸೆ ಈಗಲೇ ತೀರಲಿ. ಹೊಲಿದ ಮೇಲೆ ಕುಡಿದರೆ ಕೋಟು ಕುಗ್ಗಿ ಹೋಗುತ್ತೆ.” ಎರಡು ಪಂಚೆಗಳನ್ನು ಒದ್ದೆಮಾಡಿ ಹಿಂಡಿ, ಬಟ್ಟೆಯ ಮೇಲೆ ಹಾಸಿ, ಎರಡನ್ನೂ ಕೂಡಿಸಿ ಚಾಪೆಯಂತೆ ಸುತ್ತಿ ಒಂದು ರಾತ್ರಿ ಬಿಟ್ಟೆವು, ಬೆಳಗ್ಗೆ ಬಿಡಿಸಿ ನೆರಳಿನಲ್ಲಿ ನೆಲದ ಮೇಲೆಯೇ ಚಪ್ಪಟೆಯಾಗಿ ಹರಡಿ ಒಣಗಿಸಿದೆವು. ಒಣಗಿದ ಮೇಲೆ ಅಳೆದರೆ ಉದ್ದದಲ್ಲಿ ಎರಡು ಅಂಗುಲ ಕಡಮೆಯಾಗಿತ್ತು.

ಹೊಲಿಗೆಯೆಂಬುದೇ ನಮ್ಮ ಹಳೆಯ ಉಡುಗೆಗೆ ಅಷ್ಟಾಗಿ ಬೇಕಾದುದಲ್ಲ. ಸೀರೆ, ಪಂಚೆ, ಶಲ್ಯ, ಯಾವುದಕ್ಕೂ ಕತ್ತರಿ ತಾಗಿಲ್ಲ. ಚಳ್ಳಕೆರೆಯ ಸೀಮೆಯಲ್ಲಿ ಕುರುಬರು ದಖ್ಖಣದ ಕುರಿಯ ಒರಟು ಉಣ್ಣೆಯಿಂದ ನೆಯ್ಯುವ, ಹುಣಿಸೆಬೀಜದ ಗಂಜಿ ಕುಡಿದು ಗಡುಸಾದ ಕರಿಯ ಕಂಬಳಿಯನ್ನು ಮಲೆನಾಡಿನ ರೈತನು ಕೊಪ್ಪೆ ಮಾಡಿ ತಲೆಯ ಮೇಲೆ ಹಾಕಿಕೊಂಡರೆ ಮಳೆಗೆ ಅದೇ ಛತ್ರಿ, ಗಾಳಿಗೆ ಅದೇ ಕೋಟು, ರಾತ್ರಿಗೆ ಅದೇ ಹಾಸಿಗೆ. ಇವೆಲ್ಲ ಮೈಯ ಮೇಲೆ ಬಂದ ಬಳಿಕ ಆಕಾರವನ್ನು ಪಡೆಯುವ ವಸ್ತ್ರಗಳು. ತೆಗೆದಿಟ್ಟರೆ ಮತ್ತೆ ಚೌಕ. ಕೋಟು ಹಾಗಲ್ಲ. ಅದು ಮೈ ಬರುವುದಕ್ಕೆ ಮೊದಲೇ ಮೈಯ ಆಕಾರವನ್ನು ತಾಳಿ ನಿಂತಿರತಕ್ಕದ್ದು. ಗೂಟಕ್ಕೆ ತಗುಲಿಹಾಕಿದಾಗಲೂ ತನ್ನ ಒಡೆಯರನ್ನು ನೆನೆಯುತ್ತಿರುವಂತೆ ತೋರುವುದು. ಎರಡರಲ್ಲಿ ಯಾವುದು ಮೇಲೆಂದು ನಾನು ನಿರ್ಣಯಿಸಲಾರೆ. ಆದರೆ ಎರಡನೆಯದು ಕಷ್ಟ.

ಆ ಕಷ್ಟವು ಎಂಥದೆಂಬುದು ನನ್ನಂಥ ಭೂಗೋಳದವನಿಗೆ ಬೇಗ ಅರ್ಥವಾಗಬೇಕಾಗಿತ್ತು. ಕಿತ್ತಳೆಯ ಸಿಪ್ಪೆಯನ್ನು ಇಡಿಯಾಗಿ ಬಿಡಿಸಿ ಮೇಜಿನ ಮೇಲೆ ಒತ್ತಿದರೆ ಅದು ಹರಿಯುವುದೇ ಹೊರತು ಚಪ್ಪಟೆಯಾಗದೆಂಬುದನ್ನು ನಾನು ಪ್ರತಿವರ್ಷವೂ ಎಂಟನೆಯ ತರಗತಿಯಲ್ಲಿ ಮಾಡಿ ತೋರಿಸುತ್ತಿದ್ದೆನು. ದುಂಡಾದ ಭೂಮಿಯನ್ನು ಚಪ್ಪಟೆಯಾದ ಕಾಗದದ ಮೇಲೆ ತರುವುದಕ್ಕಾಗಿ 1569ರಲ್ಲಿ ಮರ್ಕೇಟರನು ಧ್ರುವದ ಕಡೆಯ ದೇಶಗಳನ್ನು ಹಿಗ್ಗಿಸಿದನು. ಗೋಳದ ಮೈಯನ್ನು ಹಿಗ್ಗಿಸದೆ ಕುಗ್ಗಿಸದೆ ಚಪ್ಪಟೆ ಮಾಡುವುದು ಎಂದಿಗೂ ಸಾಧ್ಯವಿಲ್ಲವೆಂದು 1827ರಲ್ಲಿ ಗೌಸನು ಗಣಿತದಿಂದ ಸಿದ್ಧಪಡಿಸಿದನು. ದರ್ಜಿಯದು ಇದೇ ಸಮಸ್ಯೆ, ತಿರುವುಮುರುವಾಗಿ. ಅವನಲ್ಲಿರುವುದು ಚಪ್ಪಟೆ ಬಟ್ಟೆ. ಅದು ಎದೆಯ ಉಬ್ಬನ್ನೂ ಸೊಂಟದ ತಗ್ಗನ್ನೂ ಬೆನ್ನೆಲುಬಿನ ಕೊಳ್ಳವನ್ನೂ ಸುಕ್ಕಿಲ್ಲದೆ ಮುಚ್ಚಬೇಕು. ಅದಕ್ಕೆ ಅವನಿಗೆ ಮೂರು ದಾರಿ: ತುಂಡುಮಾಡಿ ಜೋಡಿಸುವುದು, ಹೆಚ್ಚಾದುದನ್ನು ಮೊನೆಯಾದ ಮಡಿಕೆಯಾಗಿ ಹಿಡಿದು ಹೊಲಿಯುವುದು, ಅದೇ ಡಾರ್ಟು, ಮೂರನೆಯದು, ಉಣ್ಣೆಗೆ ಮಾತ್ರ ದೊರೆತ ವರವಾಗಿ, ಆವಿಯಿಂದ ಬಟ್ಟೆಯನ್ನೇ ಒಂದೆಡೆ ಕುಗ್ಗಿಸಿ ಇನ್ನೊಂದೆಡೆ ಹಿಗ್ಗಿಸುವುದು.

ಮೊದಲು ಮಂಜರಪಾಟಿನಲ್ಲಿ ಕೋಟನ್ನು ಹೊಲಿದು ನೋಡಿದೆ, ಅಗ್ಗದ ಬಟ್ಟೆಯಲ್ಲಿ ತಪ್ಪುಗಳೆಲ್ಲ ಆಗಿಹೋಗಲೆಂದು. ಆದವು. ಮೊದಲನೆಯದರಲ್ಲಿ ಬೆನ್ನು ಉಬ್ಬಿತು. ಎರಡನೆಯದರಲ್ಲಿ ಮಗಳು ಕೈಯೆತ್ತಿದರೆ ಇಡೀ ಕೋಟು ಜೊತೆಗೆ ಎದ್ದುಬಂದಿತು. ಕಂಕುಳ ಸುತ್ತಿನ ಕಂಡಿ ದೊಡ್ಡದಾದಷ್ಟೂ ಕೈಯಾಡಿಸುವುದು ಸಲೀಸೆಂದು ನಾನು ತಿಳಿದಿದ್ದೆ. ಸತ್ಯವು ಅದಕ್ಕೆ ವಿರುದ್ಧ: ಕಂಡಿ ಕಂಕುಳಿಗೆ ಹತ್ತಿರವಾಗಿ ಚಿಕ್ಕದಾದಷ್ಟೂ ತೋಳು ಸ್ವತಂತ್ರ. ಈ ಮಾತನ್ನು ನನ್ನ ಕೈ ನಂಬಲು ನಾಲ್ಕು ದಿನ ಹಿಡಿಯಿತು.

ಎದೆಯ ಕ್ಯಾನ್ವಾಸಿಗೆ ಓರೆ ಹೊಲಿಗೆ ಹಾಕಿದುದು ಆಷಾಢದ ಮಧ್ಯಾಹ್ನಗಳಲ್ಲಿ. ಹೊರಗೆ ಜಿಟಿಜಿಟಿ ಮಳೆ, ತೊಡೆಯ ಮೇಲೆ ಭಾರವಾದ ಉಣ್ಣೆ. ಕೊರಳಪಟ್ಟಿಯನ್ನು ಹೊಲಿಯುವಾಗ ಚಪ್ಪಟೆಯಾಗಿ ಮೇಜಿನ ಮೇಲಿಡದೆ, ಎಡಗೈಯ ಬೆರಳುಗಳ ಮೇಲೆ ಬಾಗಿಸಿ ಹಿಡಿದೇ ಹೊಲಿಯಬೇಕು. ಒಳಗಿನ ಪದರವು ಹೊರಗಿನದಕ್ಕಿಂತ ಕೂದಲೆಳೆಯಷ್ಟು ಕಿರಿದಾಗಿ ಬಂಧಿತವಾಗಿ, ಆ ಬಾಗು ಮುಂದೆ ಬಿಟ್ಟರೂ ಬಿಡದೆ ನಿಲ್ಲುವುದು. ದಿನಕ್ಕೆ ಎರಡು ಗಂಟೆಗಿಂತ ಹೆಚ್ಚು ಮಾಡಲಾಗುತ್ತಿರಲಿಲ್ಲ. ಆ ಹೊತ್ತಿನಲ್ಲಿ ಮಗಳು ಎದುರಿಗೆ ಕುಳಿತು ತನ್ನ ಪುಸ್ತಕಗಳನ್ನು ಬೇರೆಮಾಡುತ್ತಿದ್ದಳು. ನಾವು ಮಾತನಾಡಿದುದು ಕಡಮೆ. ಆದರೆ ಆಕೆಯ ಬಾಲ್ಯದ ಯಾವ ವರ್ಷದಲ್ಲಿಯೂ, ಪರೀಕ್ಷೆಯ ಉತ್ತರಪತ್ರಿಕೆಗಳ ಕಂತೆಗಳ ನಡುವೆ, ನಾನು ಆಕೆಯ ಎದುರಿಗೆ ಇಷ್ಟು ಹೊತ್ತು ಕುಳಿತಿರಲಿಲ್ಲ. ಅದನ್ನು ಹೇಳದೆ ಈ ಕೋಟಿನ ವೃತ್ತಾಂತ ಪೂರ್ಣವಾಗದು.

ತೋಳನ್ನು ಕೂರಿಸುವುದೇ ಕೋಟಿನ ಪರೀಕ್ಷಾಸ್ಥಾನ. ತೋಳಿನ ಮೇಲ್ಭಾಗದ ಸುತ್ತಳತೆ ಅದು ಕೂರಬೇಕಾದ ಕಂಡಿಗಿಂತ ಒಂದೂವರೆ ಅಂಗುಲ ಹೆಚ್ಚಾಗಿರುವುದು. ಹೆಚ್ಚಾಗಿರದಿದ್ದರೆ ಭುಜದ ತುದಿಯ ದುಂಡಿಗೆ ಜಾಗವಿಲ್ಲ. ಈ ಒಂದೂವರೆ ಅಂಗುಲವು ನೆರಿಗೆಯಾಗಿ ತೋರದೆ ಮಾಯವಾಗಬೇಕು. ನಾನು ಬಲತೋಳನ್ನು ಮೂರು ಸಲ ಕೂರಿಸಿ ಮೂರು ಸಲವೂ ಬಿಚ್ಚಿದೆ. ಸುಕ್ಕು ಹೋದರೆ ತೋಳು ಹಿಂದಕ್ಕೆ ತಿರುಗುವುದು, ತೋಳು ನೇರವಾದರೆ ಸುಕ್ಕು ಬರುವುದು. ನಾಲ್ಕನೆಯ ದಿನ ಸಾಹೇಬರು ಮೊಮ್ಮಗನ ಕೈಹಿಡಿದುಕೊಂಡು ಬಂದರು. ಕೋಟನ್ನು ಮಗಳಿಗೆ ತೊಡಿಸಿ, ಕೈಯನ್ನು ಸುಮ್ಮನೆ ಇಳಿಬಿಡುವಂತೆ ಹೇಳಿ, ಬಹಳ ಹೊತ್ತು ನೋಡಿದರು. ಆಕೆಯ ತೋಳು ಮೈಯ ಪಕ್ಕಕ್ಕಲ್ಲದೆ ಸ್ವಲ್ಪ ಮುಂದಕ್ಕೆ ತೂಗುತ್ತಿತ್ತು. “ಮಗು ನಿಲ್ಲೋ ಹಾಗೆ ತೋಳು ನಿಲ್ಲಬೇಕು. ನೀವು ಕಾಗದ ನಿಲ್ಲೋ ಹಾಗೆ ನಿಲ್ಲಿಸಿದ್ದೀರಿ,” ಎಂದು, ತೋಳನ್ನು ಅರ್ಧ ಅಂಗುಲ ಮುಂದಕ್ಕೆ ತಿರುಗಿಸಿ ಗುಂಡುಸೂಜಿ ಚುಚ್ಚಿದರು.

ಆಮೇಲೆ ಇಸ್ತ್ರಿ. ತೋಳಿನ ಅಂಚಿನಲ್ಲಿ ಎರಡು ಸಾಲು ಓಟದ ಹೊಲಿಗೆ ಹಾಕಿ ದಾರವನ್ನು ಎಳೆದಾಗ ಅದು ಬಟ್ಟಲಿನಂತೆ ಮುದುಡಿತು. ಆ ಬಟ್ಟಲನ್ನು, ಮರದ ಹೊಟ್ಟನ್ನು ಬಿಗಿಯಾಗಿ ತುಂಬಿ ಮಾಡಿಕೊಂಡಿದ್ದ ದುಂಡು ದಿಂಬಿನ ಮೇಲೆ ಕೂರಿಸಿ, ಒದ್ದೆ ಅರಿವೆ ಹೊದಿಸಿ, ಕಾದ ಪೆಟ್ಟಿಗೆಯನ್ನು ಉಜ್ಜದೆ ಎತ್ತಿ ಎತ್ತಿ ಇಡಬೇಕು. ಅರಿವೆಯಿಲ್ಲದೆ ನೇರವಾಗಿ ಇಟ್ಟರೆ ಉಣ್ಣೆ ಸವೆದಂತೆ ಹೊಳೆಯುವುದು. ಹಾಗೆ ಹೊಳೆದ ಒಂದು ತುಂಡು ನನ್ನ ಪೆಟ್ಟಿಗೆಯಲ್ಲಿದೆ. ಆವಿ ಎಳೆಗಳ ಒಳಗೆ ಹೊಕ್ಕು ಅವುಗಳ ಒಳಗಂಟುಗಳನ್ನು ಸಡಿಲಿಸುವುದು. ಆಗ ಉಣ್ಣೆಯು ಹೇಳಿದ ಆಕಾರವನ್ನು ಕೇಳುವುದು. ತಣಿಯುವವರೆಗೆ ಅಲುಗಿಸದೆ, ನುಣುಪಾದ ಹೊನ್ನೆಮರದ ತುಂಡಿನಿಂದ ಒತ್ತಿಹಿಡಿದರೆ, ಆ ಆಕಾರವನ್ನೇ ನೆನಪಿನಲ್ಲಿಟ್ಟುಕೊಳ್ಳುವುದು. ಒಂದೂವರೆ ಅಂಗುಲ ಬಟ್ಟೆ ನನ್ನ ಕಣ್ಣೆದುರಿಗೇ ಇಲ್ಲವಾಯಿತು. ಕತ್ತರಿಸಿದುದಿಲ್ಲ, ಮಡಿಸಿದುದಿಲ್ಲ. ಹತ್ತಿಗೂ ರೇಷ್ಮೆಗೂ ಈ ಗುಣವಿಲ್ಲ. ಕೋಟನ್ನು ಮಾಡುವುದು ಸೂಜಿಯೆಂದು ನಾನು ಅದುವರೆಗೆ ತಿಳಿದಿದ್ದೆ. ಮಾಡುವುದು ಆವಿ, ಸೂಜಿಯು ಆವಿ ಮಾಡಿದುದನ್ನು ಕಾಯುವುದು ಮಾತ್ರ.

ಬಲಭುಜಕ್ಕೆ ಮೂರು ಪದರ ಹತ್ತಿ ಇಟ್ಟೆ, ಎಡಕ್ಕೆ ಎರಡು. ಹೆಣ್ಣುಮಕ್ಕಳ ಕೋಟಿನಲ್ಲಿ ಬಲಗಡೆಯ ಮಗ್ಗುಲು ಎಡದ ಮೇಲೆ ಬರತಕ್ಕುದಾದುದರಿಂದ ಏಳು ಕಾಜಗಳನ್ನೂ ಬಲಗಡೆ ಕಟ್ಟಿದೆ, ರೇಷ್ಮೆಯ ಹುರಿದಾರದಲ್ಲಿ, ಜಗಲಿಯ ಮೇಲೆ ಕಲಿತ ರೀತಿಯಲ್ಲಿ. ಬೆನ್ನಿನ ಅಸ್ತರಿನ ನಡುವೆ ಪತ್ನಿ ಒಂದು ಮಡಿಕೆ ಬಿಟ್ಟು ಹೊಲಿದಳು, ಬಾಗಿದಾಗ ಹರಿಯದಿರಲೆಂದು. ಶ್ರಾವಣದ ಕೊನೆಯ ವಾರದಲ್ಲಿ ಕಚ್ಚಾ ಹೊಲಿಗೆಯ ಬಿಳಿಯ ದಾರಗಳನ್ನೆಲ್ಲ ಕಿತ್ತೆವು. ಮಗಳು ತೊಟ್ಟು ಕನ್ನಡಿಯ ಮುಂದೆ ನಿಂತಳು. ಆಮೇಲೆ ಕನ್ನಡಿಯನ್ನು ಬಿಟ್ಟು ಕೈಗಳನ್ನು ಮೇಲಕ್ಕೆತ್ತಿ, ಮುಂದಕ್ಕೆ ಚಾಚಿ, ಬಾಗಿ ನೆಲವನ್ನು ಮುಟ್ಟಿ ನೋಡಿದಳು. ಕೋಟಿನ ಅಂಚು ಏಳಲಿಲ್ಲ. ಭುಜಗಳು ಸಮನಾಗಿ ಕಾಣುತ್ತಿದ್ದವು. ಸಾಹೇಬರು ಕೊರಳಪಟ್ಟಿಯ ಹಿಂಭಾಗವನ್ನು ಎರಡು ಬೆರಳಿನಿಂದ ಸವರಿ, “ಕೂತಿದೆ,” ಎಂದರು. ಅವರ ಬಾಯಲ್ಲಿ ಅದಕ್ಕಿಂತ ದೊಡ್ಡ ಮೆಚ್ಚುಗೆಯನ್ನು ನಾನು ಬಾಲ್ಯದಿಂದಲೂ ಕೇಳಿದವನಲ್ಲ.

ಆ ಕೋಟಿಗೆ ಈಗ ನಾಲ್ಕು ಚಳಿಗಾಲಗಳಾದವು. ಸಾಹೇಬರು ಎರಡನೆಯ ಚಳಿಗಾಲದಲ್ಲಿ ತೀರಿಕೊಂಡರು. ನನ್ನ ತಂದೆಯವರ ಕೋಟಿನ ಪಕ್ಕದ ಹೊಲಿಗೆಗಳಲ್ಲಿ ಅವರು ಒಳಗಡೆ ಒಂದೊಂದು ಅಂಗುಲ ಬಟ್ಟೆಯನ್ನು ಬಿಟ್ಟಿದ್ದರು. ತಂದೆಯವರ ಮೈ ತುಂಬಿಕೊಂಡ ನಡುವಯಸ್ಸಿನಲ್ಲಿ ಅದನ್ನು ಒಮ್ಮೆ ಬಿಚ್ಚಿ ಅಗಲ ಮಾಡಿದ ಗುರುತು, ಹಳೆಯ ಹೊಲಿಗೆಯ ಸಣ್ಣ ತೂತುಗಳ ಸಾಲು, ಹಾಗೆಯೇ ಇತ್ತು. ನಾನೂ ಎರಡೂ ಪಕ್ಕಗಳಲ್ಲಿ ಒಂದೊಂದು ಅಂಗುಲವನ್ನು ಬಿಟ್ಟಿದ್ದೇನೆ. ಮಗಳಿಗೆ ಅದನ್ನು ಹೇಳಲಿಲ್ಲ. ಎಂದಾದರೂ ಅಸ್ತರನ್ನು ಬಿಚ್ಚಬೇಕಾಗಿ ಬಂದಾಗ ಅಲ್ಲಿಯ ದರ್ಜಿಯ ಕಣ್ಣಿಗೆ ಅದು ತಾನಾಗಿ ಬೀಳುವುದು.